ಹೊಸಬರಿಗೊಂದು ಬಲೆ

ರತೀಶನ ಹೆಸರು ಕಿವಿಗೆ ಬಿದ್ದದ್ದೇ ತಡ, ಕುಸುಮಳ ಕತ್ತರಿ ಸೀಮೆಸುಣ್ಣದ ಗೆರೆ ಬಿಟ್ಟು ಒಳಕ್ಕೆ ಹರಿಯಿತು.

"ಯಾರ್ ಅಂವ? ನಂಗೊತ್ತಿಲ್ಲೆ," ಎಂದಳು. ಹಾಳಾದ ರವಿಕೆ ಬಟ್ಟೆಯ ಕಡೆ ನೋಡಲೂ ಇಲ್ಲ.

ವಿನಯಾ ನೋಡಿದಳು. ಗಿರಾಕಿಯ ಬಟ್ಟೆ ತನ್ನ ಕೈಯಲ್ಲೇ ಹರಿದರೂ ಗಮನಿಸದ ಟೈಲರನ್ನು ಅವಳು ಈವರೆಗೆ ಕಂಡಿರಲಿಲ್ಲ.

ಹಂಗಾರಕಟ್ಟೆಯ ರತೀಶ ಕಾಣೆಯಾಗಿ ಎರಡು ವಾರ ದಾಟಿತ್ತು. ಅವನ ಸ್ಕೂಟರ್ ಸಿಕ್ಕಿದ್ದು ಬೈಂದೂರು ರೈಲ್ವೆ ನಿಲ್ದಾಣದ ಎದುರು. ಅವನ ಫೋನಿನ ಕೊನೆಯ ಕರೆ ಬಂದದ್ದು ಅದೇ ರಸ್ತೆಯ ಈ ಹೊಲಿಗೆ ಅಂಗಡಿಗೆ.

"ಗೊತ್ತಿಲ್ಲದವ ನಿಮ್ಗ್ ಫೋನ್ ಮಾಡಿ ಅಷ್ಟೊತ್ತ್ ಎಂತ ಮಾತಾಡ್ದ, ಕುಸುಮಾ?"

ಕುಸುಮ ಎದ್ದು ಹೋಗಿ ಶಟರನ್ನು ಅರ್ಧ ಎಳೆದಳು. ಮೂವತ್ತು ದಾಟಿದ ಗಟ್ಟಿ ಹೆಂಗಸು.

"ಪೊಲೀಸ್ರಾ ನೀವ್?"

"ಅಲ್ಲ. ರತೀಶನ ಅಮ್ಮ ಕಳ್ಸಿದ್ದ್ ನನ್ನ."

ಅಮ್ಮ ಎಂದದ್ದಕ್ಕೆ ಕುಸುಮ ಮೆಶಿನಿನ ಸ್ಟೂಲಿನ ಮೇಲೆ ಹೋಗಿ ಕೂತಳು.

ರತೀಶ ಕೆಲಸ ಮಾಡುತ್ತಿದ್ದದ್ದು ಕುಂದಾಪುರದ ಸುಧೀರ್ ಎಂಬವನ ಚಿಕ್ಕ ಕಂಪನಿಯಲ್ಲಿ. ಅಲ್ಲಿ ತಯಾರಾದದ್ದು 'ಕಡಲಪೇಟೆ' ಎಂಬ ಮೊಬೈಲ್ ಆಟ. ಬಲೆ ಕೊಳ್ಳಬೇಕು, ಮೀನು ಹಿಡಿಯಬೇಕು, ಪೇಟೆಯಲ್ಲಿ ಮಾರಬೇಕು. ಅಲ್ಲಿನ ನಾಣ್ಯದ ಹೆಸರು ಕವಡೆ. ಆ ಪೇಟೆಯನ್ನು ಕಾಯುವ ಕೆಲಸ ರತೀಶನದು. ಕಾಯುವವನೇ ಕಳ್ಳ ಕವಡೆ ಹುಟ್ಟಿಸಿ ಓಡಿಹೋದ ಎಂದು ಸುಧೀರ್ ಪೊಲೀಸರಿಗೆ ಬರೆದುಕೊಟ್ಟಿದ್ದ. ಅಲ್ಲ ಎಂದು ಎದೆ ಬಡಿದುಕೊಂಡವಳು ತಾಯಿ ಜಲಜ ಒಬ್ಬಳೇ. ಮೀನು ಮಾರಿ ಬದುಕುವ ಆ ಹೆಂಗಸೇ ವಿನಯಾಳ ಪತ್ತೇದಾರಿ ಕಚೇರಿಯ ಮೆಟ್ಟಿಲು ಹತ್ತಿ ಬಂದದ್ದು.

"ನಾನ್ ಆ ಆಟ ಶುರು ಮಾಡಿದ್ದೇ ತಪ್ಪಾಯ್ತ್ ಅಕ್ಕ," ಎಂದಳು ಕುಸುಮ. "ಮಧ್ಯಾಹ್ನ ಅಂಗಡಿಯಲ್ಲ್ ಜನ ಇಪ್ಪುದಿಲ್ಲೆ. ಬಂಗುಡೆ, ಬೂತಾಯಿ, ಕಾಣೆ, ನಮ್ಮೂರ ಮೀನೆಲ್ಲ ಇತ್ತಲ್ದಾ ಅಂತ ಹಾಕ್ಕಂಡೆ. ಸೇರುವತ್ತಿಗೆ ನೂರ್ ಕವಡೆ ಕೊಡ್ತ್ರ್. ಶುರುವಿಗೆ ಸೇರಿದವ್ರಿಗೆ ಆ ನೂರರಲ್ಲಿ ಒಂದ್ ಬಲೆ, ಒಂದ್ ಹಳೇ ದೋಣಿ ಎರಡೂ ಬತ್ತಿತ್ತ್ ಅಂಬ್ರ್. ಎರಡ್ ತಿಂಗ್ಳ್ ಹಿಂದೆ ನಾನ್ ಸೇರುವತ್ತಿಗೆ ಬಲೆ ಒಂದಕ್ಕೇ ಎರಡ್ ಸಾವ್ರ!"

"ಕೂಲಿ ಮಾಡಿ ಉಳ್ಸುಕೆ ಆತಿಲ್ಯಾ?"

"ಎಂತ ಕೂಲಿ? ಬೇರೆಯವ್ರ ದೋಣಿ ದಡಕ್ಕೆ ಎಳ್ದ್ರೆ ಐದ್ ಕವಡೆ. ಆ ಐದ್ ಅವತ್ತಿಂದ ಐದೇ. ಅದ್ ಕಂಪ್ನಿಯವ್ರ್ ಇಟ್ಟದ್ದ್, ಏರುದೇ ಇಲ್ಲೆ. ಬಲೆಯ ರೇಟ್ ಆಡುವವ್ರ್ ಇಡುದ್, ಇಳಿಯುದೇ ಇಲ್ಲೆ. ಹಳಬ್ರ ಹತ್ರ ಲಕ್ಷಗಟ್ಲೆ ಕವಡೆ ಬಿದ್ಕಂಡಿತ್ತ್. ಎರಡ್ ಸಾವ್ರ ಅಂದ್ರೆ ಅವ್ರಿಗೆ ಎಲೆಯಡಿಕೆ ಖರ್ಚ್. ನಮ್ಗೆ?" ಅವಳು ಹೆಬ್ಬೆರಳನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿ ತೋರಿಸಿದಳು. "ಮೀನ್ ಹಿಡಿಯುಕೆ ಬಲೆ ಬೇಕ್. ಬಲೆ ತಕಂಬುಕೆ ಕವಡೆ ಬೇಕ್. ಕವಡೆ ಬೇಕಾರೆ ಮೀನ್ ಹಿಡಿಕ್. ಹೊಸಬ್ರ್ ಎಲ್ಲಿಂದ ಶುರು ಮಾಡುದ್, ಹೇಳಿ?"

"ಮತ್ತೆ ನಿಮ್ಗ್ ಬಲೆ ಎಲ್ಲಿಂದ ಬಂತ್?"

ಕುಸುಮ ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿದಳು.

"ದೋಣಿಯಮ್ಮ ಕೊಟ್ಳ್."

ದೋಣಿಯಮ್ಮ ಆಟದೊಳಗಿನ ಒಂದು ಹೆಸರು. ಆ ಹೆಸರಿನ ಹಿಂದೆ ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ. ದಡದಲ್ಲಿ ಬೆವರಿಳಿಸುವ ಹೊಸಬರ ಹತ್ತಿರ ತಾನಾಗಿ ಬರುತ್ತಾಳೆ, ಬಲೆಗೆ ಬೇಕಾದ ಕವಡೆ ಕೊಟ್ಟು ಹೋಗುತ್ತಾಳೆ. ಹೊಸಬರ ಪಾಲಿಗೆ ಅವಳು ಮನೆದೇವರು.

"ಮತ್ತೊಂದ್ ದಿನ ಕೇಂಡ್ಳ್, ದೊಡ್ಡ ದೋಣಿ ಬೇಕಾ ಅಂತ. ದುಡ್ಡ್ ಬ್ಯಾಡ, ಒಂದ್ ಎಟಿಎಂ ಕಾರ್ಡ್ ಇದ್ರೆ ಸಾಕ್, ತಿಂಗ್ಳೊಳ್ಗೆ ವಾಪಾಸ್ ಕೊಡ್ತೆ ಅಂದ್ಳ್. ನನ್ನ ಒಂದ್ ಹಳೇ ಖಾತೆ ಖಾಲಿ ಇದ್ದಿತ್. ಖಾಲಿ ಖಾತೆಯಿಂದ ಎಂತ ಹೋಪುಕಿತ್ತ್ ಅಂತ ಕೊಟ್ಟೆ. ನಂಬರೂ ಹೇಳ್ದೆ."

"ಎಂತದೂ ಹೋಗ್ಲಿಲ್ಲೆ, ಅಲ್ದಾ?"

"ಹೋಪುದಲ್ಲ ಅಕ್ಕ, ಬಂತ್! ಯಾರ್ಯಾರದ್ದೋ ದುಡ್ಡ್ ಬಂತ್, ಹೋಯ್ತ್. ಈಗ ರಾಜಸ್ಥಾನದ ಪೊಲೀಸ್ರಿಂದ ನೋಟೀಸ್ ಬಂದಿತ್. ಯಾರಿಗೋ ಮೋಸ ಮಾಡಿದ ದುಡ್ಡಂಬ್ರ್ ಅದ್. ಬ್ಯಾಂಕಿನವ್ರ್ ನನ್ ಖಾತೆ ಎಲ್ಲಾ ಲಾಕ್ ಮಾಡ್ರ್. ಹೊಸ ಮೆಶಿನಿಗೆ ಅಂತ ಇಟ್ಟದ್ದೂ ಅದ್ರಲ್ಲೇ. ನಮ್ಮನೆಯವ್ರಿಗೆ ಇನ್ನೂ ಹೇಳ್ಲಿಲ್ಲೆ."

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

"ರತೀಶ ಫೋನ್ ಮಾಡಿದ್ದ್ ಅದ್ಕೇ," ಎಂದಳು ಕುಸುಮ ಕೊನೆಗೆ. "ಕಾರ್ಡ್ ಕೊಡ್ಬೇಡಿ ಅಕ್ಕ, ಅದ್ ಮೋಸ ಅಂದ. ಕೊಟ್ಟಾಯ್ತಲ್ದಾ ಮಾರಾಯ ಅಂದೆ. ಆಮೇಲೆ, ನಾನೇ ಬತ್ತೆ ಅಂದ. ಬರ್ಲೇ ಇಲ್ಲೆ."

"ಕಾರ್ಡ್ ಯಾರ ಕೈಗ್ ಕೊಟ್ರಿ?"

"ಕವರಿಗೆ ಹಾಕಿ ಬಸ್ಸಿನವ್ರ ಹತ್ರ ಕೊಟ್ಟೆ. ಸಾಸ್ತಾನದಲ್ಲಿ ಒಂದ್ ಹೆಂಗ್ಸ್ ಬಂದ್ ತಕಂತ್ರ್ ಅಂದಿದ್ಳ್."

ಹೊರಬಂದ ವಿನಯಾ ಶಟರಿನ ಕೆಳಗಿಂದ ಬಗ್ಗಿ ಎದ್ದು ನಿಂತಳು. ಎದುರಿಗೇ ಸ್ಕೂಟರ್ ಸಿಕ್ಕಿದ ಮರ. ಅಂಗಡಿಯಲ್ಲಿ ಕೂತರೆ ಕಣ್ಣಿಗೆ ಹೊಡೆಯುವಷ್ಟು ಹತ್ತಿರ. ಬರ್ಲೇ ಇಲ್ಲೆ ಎಂದಳಲ್ಲ ಈ ಹೆಂಗಸು. ಬಂದವನನ್ನು ಕಾಣಲಿಲ್ಲವೋ, ಕಂಡದ್ದನ್ನು ಹೇಳಲಿಲ್ಲವೋ?

ಹಿಂದಿರುಗಿ ನೋಡಿದಳು. ಶಟರ್ ಅಷ್ಟರೊಳಗೆ ಪೂರ್ತಿ ಕೆಳಗಿಳಿದಿತ್ತು.

* * *

ಕುಂದಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ವಿನಯಾ ಫೋನಿಗೆ 'ಕಡಲಪೇಟೆ'ಯನ್ನು ಇಳಿಸಿಕೊಂಡಳು. ಹೆಸರು ಕೇಳಿತು. ತೀರಿಹೋದ ಅತ್ತೆಯ ಹೆಸರು ಬಾಯಿಗೆ ಬಂತು: ಸೀತು.

ನಲವತ್ತೇಳರ ಹೆಂಗಸು ಬಸ್ಸಿನಲ್ಲಿ ಹೆಬ್ಬೆರಳಿನಿಂದ ದೋಣಿ ಎಳೆಯುವುದನ್ನು ಪಕ್ಕದವರು ಓರೆಗಣ್ಣಿನಿಂದ ನೋಡಿದರು. ಎಳೆದಳು. ಐದು ಕವಡೆ. ಮತ್ತೆ ಎಳೆದಳು. ಐದು ಕವಡೆ. ಪೇಟೆಗೆ ಹೋಗಿ ನೋಡಿದರೆ ಅತಿ ಸಣ್ಣ ಬಲೆಗೆ ನಾಲ್ಕು ಸಾವಿರದ ಇನ್ನೂರು. ಕುಸುಮ ಹೇಳಿದ ಬೆಲೆಯ ಎರಡರಷ್ಟು, ಅದೂ ಎರಡೇ ತಿಂಗಳಲ್ಲಿ.

ಬಸ್ಸು ಮರವಂತೆ ತಲುಪಿತು. ಬಲಗಡೆ ಸಮುದ್ರ, ಎಡಗಡೆ ಹೊಳೆ. ವಿನಯಾ ತಲೆ ಎತ್ತಲಿಲ್ಲ. ಎಳೆದಳು, ಎಳೆದಳು, ಬೆರಳಿನ ತುದಿ ಉರಿಯುವವರೆಗೆ ಎಳೆದಳು. ಪೇಟೆಗೆ ಮರಳಿದಾಗ ಬಲೆಯ ಬೆಲೆ ನಾಲ್ಕು ಸಾವಿರದ ಮುನ್ನೂರು ಆಗಿತ್ತು. ಅವಳು ಗಳಿಸಿದ್ದಕ್ಕಿಂತ ಬೆಲೆ ಏರಿದ್ದೇ ಹೆಚ್ಚು! ಓಡಿದಷ್ಟೂ ದಡ ಹಿಂದೆ ಸರಿಯುತ್ತಿತ್ತು. ಆಟವೆಂದು ಗೊತ್ತಿದ್ದೂ ಅವಳಿಗೆ ರೇಗಿತು. ಬಿಟ್ಟುಬಿಡೋಣ ಎನ್ನಿಸಿತು. ಬಿಟ್ಟು ಹೋದವರು ಎಷ್ಟು ಜನರೋ.

ಆಗ ಪರದೆಯ ಮೇಲೆ ಒಂದು ಸಾಲು ಮೂಡಿತು.

"ಹ್ವಾಯ್ ಸೀತಕ್ಕ, ಎಳ್ದ್ ಎಳ್ದ್ ಕೈ ಸೋತ್ ಹೋಯ್ತಾ? ತಕಣಿ, ಬಲೆ ತಕಣಿ."

ಐದು ಸಾವಿರ ಕವಡೆ ಬಂದು ಬಿತ್ತು. ಕಳಿಸಿದವಳ ಹೆಸರು ದೋಣಿಯಮ್ಮ.

ಒಂದು ಕ್ಷಣ ವಿನಯಾಳಿಗೆ ನಿಜಕ್ಕೂ ಖುಷಿಯಾಯಿತು. ಆ ಖುಷಿಯೇ ಅವಳನ್ನು ಎಚ್ಚರಿಸಿತು. ಮಲ್ಪೆಯಿಂದ ಗಂಗೊಳ್ಳಿಯವರೆಗೆ ವರ್ಷಗಟ್ಟಲೆ ದೋಣಿಗಳ ವಿಮೆ ತನಿಖೆ ಮಾಡಿ, ಈಗ ಸ್ವಂತ ಕಚೇರಿ ಇಟ್ಟುಕೊಂಡವಳು ಅವಳು. ಬೆಂಕಿ ಬಿದ್ದ ದೋಣಿಯ ಹತ್ತಿರ ಎಲ್ಲರಿಗಿಂತ ಮೊದಲು ನೀರು ಹೊತ್ತು ಬಂದವನನ್ನೇ ಮೊದಲು ವಿಚಾರಿಸುವುದು ಅವಳ ಅಭ್ಯಾಸ.

ಈ ದೋಣಿಯಮ್ಮ ಮೀನು ಹಿಡಿದು ಕವಡೆ ಗಳಿಸಿದವಳಲ್ಲ. ಸುಮ್ಮನೆ ಹುಟ್ಟಿಸಿ ಹಂಚುತ್ತಿದ್ದಾಳೆ. ಹಂಚಿಸಿಕೊಂಡವರೆಲ್ಲ ಅದೇ ಪೇಟೆಗೆ, ಅದೇ ಬಲೆಗೆ ಮುಗಿಬೀಳುತ್ತಾರೆ. ಕೈಯಲ್ಲಿ ಕವಡೆ ಕಂಡರೆ ಮಾರುವವನು ಬೆಲೆ ಏರಿಸದೆ ಬಿಡುತ್ತಾನೆಯೇ? ಇವತ್ತಿನ ಹೊಸಬನಿಗೆ ಕೊಟ್ಟ ದಾನ ನಾಳೆಯ ಹೊಸಬನ ದಾರಿ ಮುಚ್ಚುತ್ತದೆ. ಅವನಿಗೆ ಮತ್ತೆ ದೋಣಿಯಮ್ಮನೇ ಗತಿ. ಬಾಯಾರಿದವರಿಗೆ ಉಪ್ಪುನೀರು ಕುಡಿಸಿದ ಹಾಗೆ. ಕುಡಿದಷ್ಟೂ ಬಾಯಾರಿಕೆ, ಬಾಯಾರಿದಷ್ಟೂ ಅವಳ ಮುಂದೆ ಕೈಚಾಚಬೇಕು. ಚಾಚಿದ ಕೈಯಲ್ಲಿ ಒಂದು ದಿನ ಎಟಿಎಂ ಕಾರ್ಡು.

ಇದು ದಾನವಲ್ಲ. ಬಲೆ ಹಿಡಿದವರನ್ನೇ ಹಿಡಿಯುವ ಬಲೆ.

ಇನ್ನೊಂದು ಮಾತು ವಿನಯಾಳ ತಲೆ ಕೊರೆಯಿತು. ಆ ಪೇಟೆಯಲ್ಲಿ ನೂರಾರು ಜನ ಓಡಾಡುತ್ತಿದ್ದರು. ಎಲ್ಲರಿಗೂ ತಲೆಗೆ ಒಂದೇ ಮುಂಡಾಸು, ಹೆಗಲಿಗೆ ಒಂದೇ ಬೈರಾಸು. ತಾನು ಯಾರ ಹತ್ತಿರವೂ ಮಾತಾಡಿಲ್ಲ. ಸೀತು ಇವತ್ತು ಸೇರಿದವಳೆಂದು ದೋಣಿಯಮ್ಮನಿಗೆ ಹೇಳಿದವರು ಯಾರು?

* * *

"ಕೂಕಣಿ ವಿನಯಕ್ಕ. ಚಾ ತರ್ಸ್ತೆ," ಎಂದ ಸುಧೀರ್.

"ಚಾ ಬ್ಯಾಡ."

ಕುಂದಾಪುರದ ಒಂದು ಬೇಕರಿಯ ಮಹಡಿಯಲ್ಲಿ ಅವನ ಕಚೇರಿ. ಕೆಳಗಿನಿಂದ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ತಂದೆ ಮುಂಬೈಯಲ್ಲಿ ಹೋಟೆಲು ನಡೆಸಿ ಗಳಿಸಿದ್ದನ್ನು ಸುಧೀರ್ ಈ ಆಟಕ್ಕೆ ಸುರಿದಿದ್ದ. ಮೂವತ್ತೈದರ ಆಸುಪಾಸು. ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ಕಣ್ಣಿನ ಕೆಳಗೆ ಮಾತ್ರ ನಿದ್ದೆಗೆಟ್ಟ ಕಪ್ಪು.

ವಿನಯಾ ಫೋನನ್ನು ಮೇಜಿನ ನಡುವೆ ಇಟ್ಟಳು. ದೋಣಿಯಮ್ಮನ ಸಾಲನ್ನು ಅವನು ಓದುವುದನ್ನೇ ನೋಡುತ್ತಾ ಕೂತಳು.

"ನಾನ್ ಮೊದ್ಲೇ ಹೇಳ್ದೆ ಅಲ್ದಾ," ಎಂದ. "ಇದ್ ರತೀಶಂದೇ ಕೆಲ್ಸ. ಬಿಲ್ಕುಲ್ ಅವ್ನದ್ದೇ."

"ಅಂವ ಓಡಿ ಹೋಯಿ ಎರಡ್ ವಾರ ಆಯ್ತ್. ಇದ್ ಬಂದದ್ದ್ ಇವತ್ತ್."

"ಎಲ್ಲಿ ಕೂಕಂಡೂ ಮಾಡ್ಲಕ್ಕ್ ಇದನ್ನ."

"ಸರಿ. ಒಂದ್ ಮಾತ್ ಹೇಳಿ. ಹೊಸತಾಗಿ ಸೇರಿದವ್ರ್ ಯಾರ್ ಅಂತ ಯಾರಿಗ್ ಕಾಣ್ತ್?"

"ಆಡುವವ್ರಿಗೆ ಕಾಂಬುದಿಲ್ಲೆ. ಕಂಪ್ನಿ ಒಳ್ಗಿನವ್ರಿಗೆ ಮಾತ್ರ."

"ಅಂದ್ರೆ?"

"ನಂಗೆ. ರತೀಶಂಗೆ. ಉಳಿದವ್ರೆಲ್ಲ ಚಿತ್ರ ಬಿಡ್ಸುವವ್ರ್, ಅವ್ರಿಗಿಲ್ಲೆ."

"ರತೀಶನ ಪಾಸ್‌ವರ್ಡ್?"

"ಅಂವ ನಾಪತ್ತೆ ಆದ ದಿನವೇ ಬಂದ್ ಮಾಡ್ದೆ." ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ತನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಅವನಿಗೆ ಹೊಳೆಯಿತು.

"ಹಾಂಗಾರೆ ಉಳ್ದದ್ದ್ ನೀವೊಬ್ರೇ, ಸುಧೀರ್."

ಸುಧೀರ್ ಎರಡೂ ಅಂಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದ. "ಅರೆ, ನನ್ನ ಆಟವನ್ನ ನಾನೇ ಹಾಳ್ ಮಾಡ್ಕಂತ್ನಾ?"

ಅಷ್ಟರಲ್ಲಿ ಇಬ್ಬರ ನಡುವೆ ಬಿದ್ದಿದ್ದ ಫೋನು ಗುಂಯ್ ಎಂದಿತು.

"ಸೀತಕ್ಕ, ದೊಡ್ಡ ದೋಣಿ ಬೇಕಾ?"

ಸುಧೀರನ ಅಂಗೈಗಳು ಮೇಜಿನ ಮೇಲೇ ಇದ್ದವು. ಅವನ ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಬರೆದವನು ಅವನಲ್ಲ. ಕಳಂಕ ತಪ್ಪಿತು ಎಂದು ಅವನು ನಿಟ್ಟುಸಿರು ಬಿಡಬೇಕಿತ್ತು. ಆದರೆ ಅವನ ಮುಖ ಸುಣ್ಣದ ಗೋಡೆಯಂತಾಗಿತ್ತು. ವಿನಯಾ ಅದನ್ನು ನೋಡಿದಳು.

"ನೀವ್ ಆ ಪಾಸ್‌ವರ್ಡ್ ಬಂದ್ ಮಾಡ್ಲಿಲ್ಲೆ," ಎಂದಳು.

ಸುಧೀರ್ ಅಂಗೈಗಳನ್ನು ಮೇಜಿನಿಂದ ತೆಗೆದ.

"ಪೊಲೀಸ್ರಿಗೆ ಕಂಪ್ಲೇಂಟ್ ಕೊಟ್ರಿ. ಕಳ್ಳ ಅಂದ್ರಿ. ಮನೆ ಕೀಲಿಕೈ ಮಾತ್ರ ಕಳ್ಳನ ಕೈಯಲ್ಲೇ ಬಿಟ್ರಿ. ಎಂತಕೆ?"

"ಮುಂಬೈಯ ಒಂದ್ ಪಾರ್ಟಿ ಕಂಪ್ನಿ ತಕಂತ್ರ್," ಎಂದ ಸುಧೀರ್. "ಅವ್ರ್ ಲೆಕ್ಕ ಹಾಕುದ್ ಒಂದನ್ನೇ: ತಿಂಗ್ಳಿಗೆ ಎಷ್ಟ್ ಜನ ಹೊಸಬ್ರ್ ಬಂದ್ರ್, ಎಷ್ಟ್ ಜನ ನಿಂತ್ರ್. ರೇಟ್ ಏರಿದ್ ಮೇಲೆ ಹೊಸಬ್ರ್ ಬಂದ ದಿನವೇ ಬಿಟ್ಟ್ ಹೋತಿದ್ರ್. ದೋಣಿಯಮ್ಮ ಬಂದ್ ಮೇಲೆ ನಿಂತ್ರ್. ಒಬ್ರ್ ಮತ್ತೊಬ್ರಿಗೆ ಹೇಳಿ ಕರ್ಕಂಡ್ ಬಂದ್ರ್. ನಾನ್ ಕಣ್ಣ್ ಮುಚ್ಚ್‌ಕಂಡೆ ಅಕ್ಕ. ಅಷ್ಟೇ. ಕಾರ್ಡಿನ ಸಂಗ್ತಿ ನಂಗ್ ಗೊತ್ತಿಲ್ಲೆ."

ಕಾರ್ಡು ಎಂಬ ಮಾತನ್ನು ವಿನಯಾ ಈ ಕೋಣೆಯಲ್ಲಿ ಎತ್ತಿರಲೇ ಇಲ್ಲ.

ಅದನ್ನು ಅವಳು ಆಗಲೇ ಕೆದಕಲಿಲ್ಲ. ಮೀನು ಗಾಳ ನುಂಗುವವರೆಗೆ ದಾರ ಎಳೆಯಬಾರದು.

"ಹೊಸಬ್ರ ಕೂಲಿ ಐದರಿಂದ ಐನೂರಕ್ಕೆ ಏರ್ಸಿದ್ರೆ ಅವ್ರಿಗೂ ದಾರಿ ಆತಿತ್ತಲ್ದಾ? ಇಲ್ಲಾ ಹಳಬ್ರ ಕವಡೆಗೆ ಒಂದ್ ತೆರಿಗೆ ಹಾಕ್ಲಕ್ಕಿತ್ತ್."

"ರತೀಶ ಅದನ್ನೇ ಹೇಳ್ದ." ಸುಧೀರ್ ಕಿಟಕಿಯ ಕಡೆ ತಿರುಗಿದ. "ಹೊಸಬ್ರ್ ದಡದಲ್ಲೇ ಸಾಯ್ತಿದ್ರ್, ನಾವ್ ಕಂಡ್ಕಂಡ್ ಕೂಕಂಡಿತ್ ಅಂದ. ಹಳಬ್ರ್ ದುಡ್ಡ್ ಹಾಕಿ ಆಡುವವ್ರ್, ಅವ್ರ ಮೇಲೆ ತೆರಿಗೆ ಹಾಕಿರೆ ನಾನ್ ಊಟ ಮಾಡುದೆಂತ? ಜೋರ್ ಜಗಳ ಆಯ್ತ್. ಮರುದಿನ ಅಂವ ಬರ್ಲಿಲ್ಲೆ." ಕಿಟಕಿಯಿಂದ ತಿರುಗದೆಯೇ ಹೇಳಿದ, "ಅವ್ನಿಗ್ ಎಂತಾರೂ ಆಯಿದ್ರೆ ಅದನ್ನ ನನ್ ತಲೆಗ್ ಕಟ್ಬೇಡಿ."

"ಅವ್ನಿಗ್ ಎಂತಾರೂ ಆಯಿತ್ ಅಂತ ನಾನ್ ಹೇಳ್ಲಿಲ್ಲೆ. ನಿಮ್ಗ್ ಹ್ಯಾಂಗ್ ಅನ್ಸ್ತ್?"

ಸುಧೀರ್ ಕಿಟಕಿಯ ಬಾಗಿಲು ಎಳೆದು ಮುಚ್ಚಿದ.

ವಿನಯಾ ಅವನ ಎದುರಿಗೇ ಫೋನೆತ್ತಿಕೊಂಡು ದೋಣಿಯಮ್ಮನಿಗೆ ಬರೆದಳು: ದೊಡ್ಡ ದೋಣಿ ಬೇಕು, ಎಂತ ಕೊಡ್ಕ್? ಕುಸುಮ ಹೇಳಿದ ಹಾಗೆಯೇ ಉತ್ತರ ಬಂತು, ಒಂದು ಎಟಿಎಂ ಕಾರ್ಡು. ಕಾರ್ಡ್ ಇತ್ತ್, ಸಾಸ್ತಾನದ ಕಡೆ ಬಪ್ಪುಕಿತ್ತ್, ಕೈಯಲ್ಲೇ ತಂದ್ ಕೊಡ್ತೆ ಎಂದು ಬರೆದಳು.

ಈ ಸಲ ಉತ್ತರ ಬರಲು ಹೊತ್ತು ಹಿಡಿಯಿತು.

"ಹಂಗಾರಕಟ್ಟೆ ಬಾರ್ಜ್ ಹತ್ರ ಮೀನಿನ ಬುಟ್ಟಿ ಇಟ್ಕಂಡ್ ಕೂಕಂಡವ್ರ ಕೈಯಲ್ಲ್ ಕೊಡಿ. ಮಾತಾಡುದ್ ಬ್ಯಾಡ."

ವಿನಯಾ ಆ ಸಾಲನ್ನು ಎರಡು ಸಲ ಓದಿದಳು. ಸುಧೀರನಿಗೆ ತೋರಿಸಲಿಲ್ಲ. ಹೊರಟು ಮೆಟ್ಟಿಲಿನ ತಿರುವಿನಲ್ಲಿ ಬೇಕೆಂದೇ ನಿಂತಳು. ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಸುಧೀರ್ ಯಾರಿಗೋ ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದ: "ಅವ್ರ್ ಹೊರಟ್ರ್."

* * *

ಹಂಗಾರಕಟ್ಟೆಯ ದೋಣಿ ಕಟ್ಟುವ ಕಟ್ಟೆಯಿಂದ ಸುತ್ತಿಗೆಯ ಪೆಟ್ಟು ಕೇಳುತ್ತಿತ್ತು. ಬಿಸಿಲು ಇಳಿಮುಖವಾಗಿತ್ತು. ಆಚೆ ದಡದ ಕೋಡಿಬೆಂಗ್ರೆಗೆ ಹೋಗುವವರು ಹೊಳೆ ದಾಟಿಸುವ ಬಾರ್ಜಿಗೆ ಕಾಯುತ್ತಾ ಬೈಕುಗಳ ಮೇಲೆ ಕೂತಿದ್ದರು.

ಮೀನಿನ ಬುಟ್ಟಿ ಇಟ್ಟುಕೊಂಡವಳು ಅಲ್ಲಿ ಒಬ್ಬಳೇ.

ಜಲಜ.

ವಿನಯಾ ಆಟೋದವನಿಗೆ ದುಡ್ಡು ಕೊಟ್ಟು ಅಲ್ಲೇ ನಿಂತುಬಿಟ್ಟಳು. ಇಲ್ಲ, ಇದು ಕಾಕತಾಳೀಯ ಇರಬೇಕು. ಜಲಜ ದಿನಾ ಇಲ್ಲೇ ಮೀನು ಮಾರುವವಳು. ಬೇರೆ ಯಾರೋ ಬರಬಹುದು ಎಂದು ಸುತ್ತ ನೋಡಿದಳು. ಯಾರೂ ಬರಲಿಲ್ಲ. ಕೊನೆಗೆ ಹತ್ತಿರ ಹೋಗಿ, ಒಳಗೆ ತನ್ನ ಹಳೆಯ ಕಚೇರಿಯ ಗುರುತಿನ ಚೀಟಿ ಹಾಕಿದ್ದ ಕವರನ್ನು ಮಾತಿಲ್ಲದೆ ಮುಂದೆ ಚಾಚಿದಳು.

ಜಲಜಳ ಕೈ ತಾನಾಗಿ ಮೇಲೆ ಬಂತು. ಕವರನ್ನು ಮುಟ್ಟಿದ ಮೇಲೆ ಕಣ್ಣೆತ್ತಿದಳು. ಕೈ ಗಾಳಿಯಲ್ಲೇ ನಿಂತಿತು.

"ವಿನಯಮ್ಮ..."

"ಎಷ್ಟ್ ದಿನದಿಂದ, ಜಲಜಕ್ಕ?"

ಜಲಜ ಬುಟ್ಟಿಯ ಮೇಲಿನ ಗೋಣಿಯನ್ನು ಸುಮ್ಮನೆ ಸರಿಮಾಡಿದಳು. ಬಂಗುಡೆಗಳ ಮೇಲಿನ ಐಸು ಕರಗಿ ನೀರು ಅವಳ ಪಾದದ ಹತ್ತಿರ ಹರಿಯುತ್ತಿತ್ತು.

"ಕುಸುಮ ಅಂತ ಒಂದ್ ಹೆಂಗ್ಸ್ ಬೈಂದೂರಲ್ಲಿ ನೋಟೀಸ್ ಹಿಡ್ಕಂಡ್ ಕಣ್ಣೀರ್ ಹಾಕ್ತಾ ಮರ್ಕ್‌ತಾ ಕೂಕಂಡಿತ್. ಅವ್ಳ ಕವರ್ ಸಾಸ್ತಾನದಲ್ಲಿ ತಕಂಡದ್ದೂ ನೀವೇಯಾ?"

"ಒಳ್ಗೆ ಎಂತ ಇತ್ತಂತ ನಂಗ್ ಗೊತ್ತಿಲ್ಲೆ. ದೇವ್ರಾಣೆ. ಮೊದ್ಲ್ ಮೊದ್ಲ್ ರತೀಶನೇ ಹೇಳ್ತಿದ್ದ, ಆಫೀಸಿನ ಕವರ್ ಬತ್ತ್ ತಕ ಅಂತ. ಅಂವ ಹೋದ್ ಮೇಲೆ ಒಂದ್ ಫೋನ್ ಬಂತ್. ಕವರ್ ತಕಂಬುದ್ ನಿಲ್ಸ್ಬೇಡಿ ಅಂದ್ರ್. ಬಾರ್ಜಲ್ಲ್ ಬಂದವ್ರಿಗ್ ಕೊಟ್ರೆ ಮಗನ ದನಿ ಕೇಣ್ಸ್ತ್ ಅಂದ್ರ್. ಪೊಲೀಸ್ರಿಗ್ ಹೇಳಿರೆ ದನಿ ನಿಲ್ತ್ ಅಂದ್ರ್."

"ಕೇಂಡ್ರಿಯಾ ದನಿ?"

ಜಲಜ ಸೊಂಟದ ಚೀಲದಿಂದ ಫೋನು ತೆಗೆದು ವಿನಯಾಳ ಕಿವಿಗೆ ಹಿಡಿದಳು. ಯುವಕನ ದನಿ, ಆತುರದ ದನಿ: "ಅಮ್ಮಾ, ನಾನ್ ಇದ್ದೆ. ಹೆದ್ರ್‌ಬೇಡ. ಇವ್ರ್ ಹೇಳ್ದಾಂಗ್ ಮಾಡ್." ಅಷ್ಟೇ.

"ಇಷ್ಟೆಲ್ಲ ನನ್ ಹತ್ರ ಮುಚ್ಚಿಟ್ರಿ. ಹಾಂಗಾರೆ ನನ್ನ ಎಂತಕ್ ಕರ್ದ್ರಿ?"

"ದನಿ ಸಾಕಾತಿಲ್ಲೆ ವಿನಯಮ್ಮ," ಎಂದಳು ಜಲಜ. "ದನಿಗ್ ಉಣ್ಸುಕಾತ್ತಾ?"

ವಿನಯಾಳ ಸಿಟ್ಟು ಅಲ್ಲೇ ಸೋತಿತು. ಅವಳು ಬುಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತಳು. ಅವನನ್ನು ಯಾರೋ ಹಿಡಿದಿಟ್ಟಿದ್ದಾರೆ. ಅವನ ಪಾಸ್‌ವರ್ಡನ್ನು ಅವನಿಂದಲೇ ಬಿಡಿಸಿಕೊಂಡು ದೋಣಿಯಮ್ಮನ ವೇಷ ಹಾಕಿದ್ದಾರೆ. ಹೊಸಬರ ಪರವಾಗಿ ಜಗಳವಾಡಿದವನು, ಕಾರ್ಡ್ ಕೊಡಬೇಡಿ ಎಂದು ಬೈಂದೂರಿಗೆ ಓಡಿದವನು ಬೇರೇನು ಆಗಿರಲು ಸಾಧ್ಯ?

"ಕವರ್ ತಕಂಬುಕೆ ಯಾರ್ ಬತ್ರ್?"

"ಒಂದೊಂದ್ ಸಲ ಒಬ್ಬೊಬ್ರ್. ಹೆಲ್ಮೆಟ್ ತೆಗೆಯುದಿಲ್ಲೆ. ಈಗ ಬಪ್ಪು ಬಾರ್ಜಲ್ಲೇ ಬಪ್ಪುಕ್ಕ್."

"ಬರ್ಲಿ. ನೀವ್ ಯಾವತ್ತಿನಾಂಗೇ ಕೂಕಣಿ. ಕವರ್ ನನ್ ಹತ್ರವೇ ಇರ್ಲಿ. ನಾನ್ ಮೀನ್ ಕೊಂಬುಕ್ ಬಂದವ್ಳ್."

ಬಾರ್ಜ್ ನೀರು ಸೀಳುತ್ತಾ ಹತ್ತಿರ ಬಂತು. ಹಲಗೆ ದಡಕ್ಕೆ ತಾಗಿ ಕಿರ್ರೆಂದಿತು. ಮೊದಲು ಬೈಕುಗಳು ಇಳಿದವು. ಆಮೇಲೆ ಶಾಲೆಯ ಮಕ್ಕಳ ಒಂದು ಗುಂಪು. ಕೊನೆಗೆ ಒಬ್ಬನೇ ಒಬ್ಬ, ತಲೆಗೆ ಟೊಪ್ಪಿ, ಕೈಯಲ್ಲಿ ನೆಲಗಡಲೆಯ ಪೊಟ್ಟಣ. ಟಿಕೆಟಿನವನ ಹೆಗಲಿಗೆ ಒಂದು ತಟ್ಟಿ ಏನೋ ಹೇಳಿದ. ಇಬ್ಬರೂ ನಕ್ಕರು.

ಅವನು ಟೊಪ್ಪಿ ಹಿಂದಕ್ಕೆ ಸರಿಸಿ ಬೆವರೊರೆಸಿಕೊಂಡ. ಎಡಹುಬ್ಬಿನ ನಡುವೆ ಒಂದು ಹಳೆಯ ಗಾಯದ ಸೀಳು.

ವಿನಯಾ ಆ ಗುರುತನ್ನು ಬಲ್ಲಳು. ಜಲಜ ಕೊಟ್ಟ ದಿನದಿಂದ ಅವಳ ಚೀಲದಲ್ಲಿದ್ದ ಫೋಟೋದಲ್ಲಿ ಅದೇ ಹುಬ್ಬು, ಅದೇ ಸೀಳು. ಅವನ ಕೈಗೆ ಕಟ್ಟಿರಲಿಲ್ಲ. ಹಿಂದೆ ಮುಂದೆ ಯಾರೂ ಇರಲಿಲ್ಲ. ಕಾಣೆಯಾದ ಮೇಲೆ ಅವನು ಒಂಚೂರು ಮೈ ತುಂಬಿಕೊಂಡಿದ್ದ. ಯಾರೂ ಹಿಡಿದಿಟ್ಟವನಲ್ಲ ಇವನು, ಕವರಿಗಾಗಿ ತಾನೇ ಬಂದವನು.

"ಜಲಜಕ್ಕ," ಎಂದಳು ಉಸಿರಿನಲ್ಲೇ. "ಕಾಣಿ. ಅಂವ..."

ಜಲಜ ನೋಡಿದಳು. ಒಂದೇ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಅವಳ ಮುಖವಿಡೀ ಬೆಳಗಿತು. ಹಣೆ, ಕೆನ್ನೆ, ಎಲೆಯಡಿಕೆ ಹಾಕಿ ಕೆಂಪಾದ ತುಟಿ, ಎಲ್ಲ. ಆಮೇಲೆ ಅವಳ ಕಣ್ಣು ಅವನ ನಗುವಿನ ಮೇಲೆ ಬಿತ್ತು. ಕೈಯ ಪೊಟ್ಟಣದ ಮೇಲೆ ಬಿತ್ತು. ಪಕ್ಕದಲ್ಲಿ ಕೂತ ವಿನಯಾಳ ಮೇಲೆ ಬಿತ್ತು. ಬೆಳಕು ಆರಿಹೋಯಿತು.

"ಯಾರೋ ಎಂತದೋ," ಎಂದಳು ಜಲಜ. "ನಮ್ ರತೀಶ ಇಷ್ಟ್ ಬೆಳ್ಳಗಿಲ್ಲೆ."

ವಿನಯಾ ಎದ್ದಳು. ಎರಡು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನ ಹಿಂದೆ ಇಡೀ ದಡಕ್ಕೆ ಕೇಳುವಂತಹ ದನಿ ಎದ್ದಿತು.

"ಹ್ವಾಯ್! ಮೀನ್ ಖಾಲಿ! ಇವತ್ತ್ ಎಂತದೂ ಇಲ್ಲೆ! ಹೋಯ್ನಿ, ವಾಪಾಸ್ ಹೋಯ್ನಿ!"

ಅವಳ ಬುಟ್ಟಿಯಲ್ಲಿ ಅರ್ಧಕ್ಕರ್ಧ ಬಂಗುಡೆ ಹೊಳೆಯುತ್ತಿತ್ತು.

ಟೊಪ್ಪಿಯವನು ನಿಂತ. ತಾಯಿಯನ್ನು ನೋಡಿದ. ಅವಳ ಮುಂದೆ ನಿಂತ ಅಪರಿಚಿತ ಹೆಂಗಸನ್ನು ನೋಡಿದ. ನೆಲಗಡಲೆಯ ಪೊಟ್ಟಣ ಕೈಯಿಂದ ಜಾರಿತು. ತಿರುಗಿ ಓಡಿ ಬಾರ್ಜಿಗೆ ಹಾರಿದ. ಕಾಯುತ್ತಿದ್ದ ಬೈಕುಗಳು ಹತ್ತಿ ಹಲಗೆ ಆಗಲೇ ಮೇಲೇಳುತ್ತಿತ್ತು.

"ಹ್ವಾಯ್, ನಿಲ್ಸಿ!" ವಿನಯಾ ಕೂಗುತ್ತಾ ದಡದ ತುದಿಯವರೆಗೆ ಓಡಿದಳು. ನಡುವೆ ನೀರು ಅಗಲವಾಯಿತು. ಬಾರ್ಜಿನವನು ಮುಂದಿನ ಟ್ರಿಪ್ಪಿಗೆ ಬನ್ನಿ ಎಂಬಂತೆ ಕೈ ಆಡಿಸಿದ. ಟೊಪ್ಪಿಯವನು ಕಂಬಿ ಹಿಡಿದು ನಿಂತಿದ್ದ. ಅವಳಿಗೆ ಬೆನ್ನು ಹಾಕಿ ಅವನಾಗಲೇ ಫೋನನ್ನು ಕಿವಿಗೆ ಹಿಡಿದಿದ್ದ.

ಹಿಂದಿರುಗಿ ಬಂದಾಗ ಜಲಜ ಎದ್ದು ನಿಂತಿದ್ದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೆ ಅವಳು ಹೋಗಿರಲಿಲ್ಲ.

"ಅಂವ ಯಾರ್ ಅಂತ ನಂಗ್ ಗೊತ್ತಿಲ್ಲೆ," ಎಂದಳು. "ಪೊಲೀಸ್ರ್ ಕೇಂಡ್ರೂ ಅದನ್ನೇ ಹೇಳ್ತೆ. ನಾಳೆಯಿಂದ ನೀವ್ ರತೀಶನ್ನ ಹುಡ್ಕುದ್ ಬ್ಯಾಡ, ವಿನಯಮ್ಮ."

ಮೀನಿನ ವಾಸನೆಯ ಒದ್ದೆ ಕೈಯನ್ನು ಅವಳು ಮುಂದೆ ಚಾಚಿದಳು. ಈ ಸಲ ಅದು ಅರ್ಧದಲ್ಲಿ ನಿಲ್ಲಲಿಲ್ಲ.

"ಆ ಕವರ್ ಇಲ್ಲ್ ಕೊಡಿ."